ಅಜ್ಜಿಯ ಕುಟ್ಟಾಣಿ ತೊಳೆದ ದಿನ

ನಾನು ಚಿಕ್ಕವನಿದ್ದಾಗ ನನಗೆ ಹೇಸಿಗೆ ಹುಟ್ಟಿಸದ ವಸ್ತುಗಳು ನಮ್ಮ ಮನೆಯಲ್ಲಿ ಬಹಳ ಕಡಿಮೆ. ಬಚ್ಚಲ ತೂತಿನಲ್ಲಿ ಸಿಕ್ಕಿಕೊಂಡ ಅಕ್ಕನ ಕೂದಲಿನ ಉಂಡೆ, ಎಮ್ಮೆಯ ಕಿವಿಯಲ್ಲಿ ರಕ್ತ ಕುಡಿದು ಹುಣಸೆಬೀಜದಷ್ಟು ಊದಿದ ಉಣ್ಣಿ, ಮಳೆಗಾಲದಲ್ಲಿ ಒಣಗದೆ ಮುಗ್ಗಲು ಹಿಡಿದ ಕಾಲುಚೀಲ, ಇವು ನೆನಪಾದರೆ ಸಾಕು, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಇವೆಲ್ಲವನ್ನೂ ಮೀರಿಸುವ ಹೇಸಿಗೆಯೊಂದು ನಮ್ಮ ಜಗಲಿಯ ಮೇಲೇ ಕೂತಿರುತ್ತಿತ್ತು. ಅದು ಅಜ್ಜಿಯ ಕುಟ್ಟಾಣಿ.

ಶೆಟಗೇರಿಯ ನಮ್ಮ ಮನೆಯಲ್ಲಿ ಅಜ್ಜಿಗೆ ಊಟ ತಪ್ಪಿದರೂ ನಡೆಯುತ್ತಿತ್ತು, ಕವಳ ತಪ್ಪಬಾರದು. ಕವಳ ಎಂದರೆ ಎಲೆ, ಅಡಿಕೆ, ಸುಣ್ಣ, ತಂಬಾಕು. ಬಾಯಲ್ಲಿ ಒಂದು ಹಲ್ಲೂ ಇಲ್ಲದ್ದರಿಂದ ಅಜ್ಜಿ ಅದನ್ನೆಲ್ಲ ಒಂದು ಪುಟ್ಟ ಕಬ್ಬಿಣದ ಬಟ್ಟಲಿಗೆ ಹಾಕಿ, ಹಾರೆಯಂಥ ಚಿಕ್ಕ ಸಲಾಕೆಯಿಂದ ಕುಟ್ಟಿಸಿ ಮೆತ್ತಗೆ ಮಾಡಿಸಿಕೊಳ್ಳುತ್ತಿದ್ದಳು. ಬಟ್ಟಲೂ ಸಲಾಕೆಯೂ ಸೇರಿ ಕುಟ್ಟಾಣಿ, ಕುಟ್ಟುವ ಕೆಲಸ ನನ್ನದು. ಬಟ್ಟಲಿನ ಒಳಗೋಡೆಗೆ ಹಳೆಯ ಕವಳ ಪದರ ಪದರವಾಗಿ ಅಂಟಿ, ಕೆಂಪೂ ಅಲ್ಲದ ಕಪ್ಪೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಹುಳಿತ ಎಲೆಯ ಜೊತೆ ತಂಬಾಕಿನ ಘಾಟು ಸೇರಿದ ವಾಸನೆ. ನಾನು ಮುಖ ಆಚೆ ತಿರುಗಿಸಿಕೊಂಡೇ ಕುಟ್ಟುತ್ತಿದ್ದೆ. ಒಮ್ಮೆ, ಇದನ್ನು ತೊಳೆದುಕೊಂಡು ಬರಲೇ ಎಂದು ಕೇಳಿದ್ದಕ್ಕೆ ಅಜ್ಜಿ ಬೆಚ್ಚಿಬಿದ್ದಿದ್ದಳು.

"ತೊಳೂದಾ? ತೊಳದ್ರೆ ರುಚಿ ಹೋಗ್ತದೆ ತಮಾ! ನಿನ್ನ ಅಜ್ಜ ಇದ್ದಾಗಿನ ರುಚಿ ಅದ್ರಲ್ಲಿ ಕೂತದೆ."

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಸಂಜೆಯಾದರೆ ಕೆಳಗಿನಮನೆ ಅಜ್ಜಿಯೂ ಆಚೆಮನೆ ಅಜ್ಜಿಯೂ ಜಗಲಿಗೆ ಬರುತ್ತಿದ್ದರು. ಅವರಿಗೂ ಹಲ್ಲಿಲ್ಲ. ಮೂವರಿಗೂ ಇದೇ ಕುಟ್ಟಾಣಿ. ಒಬ್ಬಳು ತೋರುಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡು, ಬೆರಳು ಚೀಪಿ, ಅದೇ ಬೆರಳನ್ನು ಮತ್ತೆ ಬಟ್ಟಲಿಗೆ ಇಳಿಸುವಳು. ಆಮೇಲೆ ಇನ್ನೊಬ್ಬಳ ಸರದಿ. ಘಟ್ಟದಿಂದ ಕಡಲಿನವರೆಗಿನ ಸುದ್ದಿಯೆಲ್ಲ ಮುಗಿಯುವ ತನಕ ಬಟ್ಟಲು ಕೈಯಿಂದ ಕೈಗೆ ದಾಟುತ್ತಲೇ ಇರುತ್ತಿತ್ತು. ನಾನು ಎದ್ದು ಹಿತ್ತಲಿಗೆ ಓಡುತ್ತಿದ್ದೆ.

ಆ ವರ್ಷ ಹಂದಿಜ್ವರ ಬಂತು. ಅದು ಎರಡು ಸಾವಿರದ ಒಂಬತ್ತನೆಯ ಇಸವಿ, ಅರವತ್ತು ವರ್ಷದ ಹಿಂದಿನ ಮಾತು. ಮೊಮ್ಮಕ್ಕಳೇ, ನಿಮ್ಮ ಲೆಕ್ಕದಲ್ಲಿ ಡೈನೋಸಾರ್ ಓಡಾಡುತ್ತಿದ್ದ ಕಾಲ. ದೇಶ ದೇಶಗಳನ್ನು ಸುತ್ತಿ ಬಂದ ಜ್ವರ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ಅಪ್ಪ ಅಂಕೋಲೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಗೋಡೆಗೆ ಅಂಟಿಸಿದ್ದನ್ನು ಓದಿಕೊಂಡು ಬಂದು ಮನೆಯಲ್ಲಿ ಕಾನೂನು ಮಾಡಿದ. ಮೆಟ್ಟಿಲ ಹತ್ತಿರ ಸಾಬೂನು ಬಂತು. ಅಜ್ಜಿ ಪೇಟೆಗೆ ಹೋಗುವುದು ನಿಂತಿತು. ಯಾರ ಕೈಯನ್ನೂ ಕುಲುಕಬಾರದು ಎಂದೂ ಅಪ್ಪ ಹೇಳಿದ. ನಮ್ಮೂರಲ್ಲಿ ಯಾರು ಯಾರ ಕೈ ಕುಲುಕುತ್ತಿದ್ದರು? ಹುಟ್ಟಿದಾಗಿನಿಂದ ನೋಡುತ್ತ ಬಂದ ಕುಟ್ಟಾಣಿ ಮಾತ್ರ ಅವನ ಕಣ್ಣಿಗೆ ಬೀಳಲೇ ಇಲ್ಲ. ಕಂಬದ ಹಾಗೆ ಅದೂ ಮನೆಯದೇ ಒಂದು ಭಾಗವಾಗಿತ್ತು.

ಒಂದು ಬೆಳಿಗ್ಗೆ ಕೆಳಗಿನಮನೆ ಅಜ್ಜಿಯನ್ನು ಕಾರವಾರದ ಆಸ್ಪತ್ರೆಗೆ ಒಯ್ಯುತ್ತಿದ್ದಾರೆ ಎಂಬ ಸುದ್ದಿ ಬಂತು. ಅದೇ ಜ್ವರವಂತೆ. ನಾನು ಬೇಲಿಯ ಬಾಗಿಲು, ದಣಪೆಯ ಹತ್ತಿರ ನಿಂತು ನೋಡಿದೆ. ವ್ಯಾನು ಹೋಗುವಾಗ ದಾರಿಬದಿಯ ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ವರ್ಷಾ ವರ್ಷಾ ಅವಳ ಕೈಯ ಹಪ್ಪಳ ತಿಂದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡು, ವ್ಯಾನು ದಾಟಿದ ಮೇಲೆ ರಸ್ತೆಗೆ ಥೂ ಥೂ ಎಂದು ಉಗುಳಿದರು. ಉಗುಳಿನಿಂದ ಹರಡುವ ರೋಗಕ್ಕೆ ಹೆದರಿ ಉಗುಳಿದರು ಮಕ್ಕಳೇ! ಅಷ್ಟು ದಿನ ಕುಟ್ಟಾಣಿಯೇ ಲೋಕದ ದೊಡ್ಡ ಹೇಸಿಗೆ ಎಂದುಕೊಂಡಿದ್ದ ನನಗೆ ಅಂದು ಅದಕ್ಕಿಂತ ಹೇಸಿಗೆಯಾದದ್ದು ಆ ಉಗುಳು ನೋಡಿ.

ಮನೆಗೆ ಬಂದರೆ ನಮ್ಮ ಅಜ್ಜಿಯೂ ಮುದುಡಿ ಮಲಗಿದ್ದಳು. ಮೈ ಕಾದ ಬಾಣಲೆಯಾಗಿತ್ತು. ಅಪ್ಪ ಕರೆತಂದ ಡಾಕ್ಟರು ಗುಳಿಗೆ ಕೊಟ್ಟು, ಜಗಲಿ ಪಕ್ಕದ ಕೋಣೆಯಲ್ಲಿ ಬೇರೆ ಮಲಗಿಸಲು ಹೇಳಿದರು. ವಯಸ್ಸಾದ ಜೀವ, ಗಂಜಿ, ನೀರು ಹೊಟ್ಟೆಗೆ ಹೋಗುತ್ತಲೇ ಇರಬೇಕು, ಹೋಗದಿದ್ದರೆ ಸಂಜೆಗೆ ಕಾರವಾರಕ್ಕೆ ಸೇರಿಸಿಬಿಡಿ ಎಂದರು. ಕಾರವಾರ ಎಂಬ ಮಾತು ಕೇಳಿ ಅಜ್ಜಿಯ ಮುಖ ಬಿಳಿಚಿತು. ಅಜ್ಜ ಹೋದದ್ದು ಅಲ್ಲಿಗೇ, ತಿರುಗಿ ಬಂದಿರಲಿಲ್ಲ. ಹೊರಡುವಾಗ ಡಾಕ್ಟರ ಕಣ್ಣು ಕುಟ್ಟಾಣಿಯ ಮೇಲೆ ಬಿತ್ತು. ಇದರಲ್ಲಿ ಯಾರು ಯಾರು ತಿನ್ನುತ್ತಾರೆ ಎಂದು ಅವರು ಕೇಳಿದ್ದೇ ತಡ, ಅಪ್ಪನಿಗೆ ಆಗ ಹೊಳೆಯಿತು.

"ಅವ್ವಾ! ಮೂರೂ ಜನ ಇದ್ರಲ್ಲೇ ಬೆರಳು ಹಾಕ್ತಿದ್ರಾ?"

ಅಪ್ಪ ಇಕ್ಕಳದಿಂದ ಕುಟ್ಟಾಣಿಯನ್ನು ಎತ್ತಿಕೊಂಡು ಹೋಗಿ ಬಚ್ಚಲೊಲೆಯ ಬೆಂಕಿಗೆ ಎಸೆದ. ಬಟ್ಟಲು ಚುಂಯ್ ಎಂದು ನೊರೆ ಕಾರಿತು. ಎಷ್ಟೋ ವರ್ಷಗಳ ಕವಳ ಸುಟ್ಟ ಆ ನಾತಕ್ಕೆ ಅಕ್ಕ ಹೊರಗೋಡಿ ವಾಂತಿ ಮಾಡಿಕೊಂಡಳು. ನಾನೂ ಅವಳ ಹಿಂದೆಯೇ ಹೋದೆ.

ಆದರೆ ಅಜ್ಜಿ ತುಟಿ ಬಿಗಿದುಕೊಂಡಳು. ನನ್ನ ಅಮ್ಮ, ನಾವು ಆಯಿ ಎನ್ನುತ್ತಿದ್ದವಳು, ಗಂಜಿಗೆ ಮಾವಿನಮಿಡಿಯ ರಸ ಬಿಟ್ಟು ಒಯ್ದಳು, ಬೇಡ. ಎಳನೀರು ಬೇಡ. ಬಿಸಿನೀರೂ ಬೇಡ. "ಬಾಯೆಲ್ಲ ಕಹಿ. ಕವಳ ಇಲ್ದೆ ಎಂತದೂ ಇಳೂದಿಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ತುಟಿ ಒಣಗಿ ಸಿಪ್ಪೆ ಏಳತೊಡಗಿತ್ತು. ಮಧ್ಯಾಹ್ನ ಇಳಿಯಿತು. ಅಪ್ಪ ಗಾಡಿಗೆ ಫೋನು ಮಾಡಲು ಎದ್ದ. ಅಜ್ಜಿ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು. ನನಗೆ ಅಳು ಬಂತು.

ಆಯಿ ಬಾಗಿಲಲ್ಲಿ ನಿಂತು, "ಒಂದ್ ತಾಸು ತಡೀರಿ" ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿ, "ಬಚ್ಚಲೊಲೆ ಕೆದ್ಕು ತಮಾ" ಎಂದಳು.

ಕಬ್ಬಿಣ ಎಲ್ಲಿ ಸುಟ್ಟುಹೋಗುತ್ತದೆ? ಬೂದಿಯಡಿ ಬಟ್ಟಲೂ ಸಲಾಕೆಯೂ ಬೋಳು ಬೋಳಾಗಿ ಬಿದ್ದಿದ್ದವು. ಆಯಿ ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುದಿಯುವ ನೀರಿನಲ್ಲಿ ಅದ್ದಿ ತೆಗೆದಳು. ಆ ಬಟ್ಟಲಿನ ಬಣ್ಣ ಬೂದು ಎಂದು ನನಗೆ ತಿಳಿದದ್ದೇ ಆವತ್ತು. ಸಾಬೂನಿನಿಂದ ಕೈ ತೊಳೆದುಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ತಂಬಾಕು ಬಿಟ್ಟು ಕವಳ ಕುಟ್ಟಿದೆ. ಮೊದಲ ಸಲ ಮುಖ ತಿರುಗಿಸದೆ ಕುಟ್ಟಿದೆ.

ಬಾಗಿಲಿನಿಂದಲೇ ಬಟ್ಟಲು ಸರಿಸಿದಾಗ ಅಜ್ಜಿ ಆಸೆಯಿಂದ ಎದ್ದು ಕೂತು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡಳು. ಮರುಕ್ಷಣವೇ ಅವಳ ಮುಖ ಕಿವುಚಿಕೊಂಡಿತು. ಹೇಸಿಗೆಯಲ್ಲಿ ನಾನು ಯಾರ ಮೊಮ್ಮಗ ಎಂದು ಆಗ ಗೊತ್ತಾಯಿತು.

"ಥೂ! ಇದೆಂತದೋ? ತೊಳ್ದು ಬಿಟ್ರಲ್ರೋ! ತಂಬಾಕಿಲ್ಲ, ರುಚಿಯಿಲ್ಲ, ಬಾಯೆಲ್ಲ ಹೊಲಸಾಯ್ತು. ಏ ಮಾರಾಯ್ತಿ, ಆ ಗಂಜಿಯಾದ್ರೂ ಕೊಡೆ, ಬಾಯಿ ತೊಳಕಂತೆ!"

ಬೈಯುತ್ತ ಬೈಯುತ್ತ ಅವಳು ಲೋಟ ತುಂಬ ಗಂಜಿ ಕುಡಿದಳು. ಆಯಿ ಇನ್ನಷ್ಟು ಬಗ್ಗಿಸಿದಳು. ಅದೂ ಖಾಲಿಯಾಯಿತು. ಅಪ್ಪ ಫೋನು ಕೆಳಗಿಟ್ಟ.

ಚೌತಿ ಹೊತ್ತಿಗೆ ನಮ್ಮ ಅಜ್ಜಿ ಗುಣವಾಗಿ ಜಗಲಿಗೆ ಬಂದಳು, ಕೆಳಗಿನಮನೆ ಅಜ್ಜಿಯೂ ಬಡಕಲಾಗಿ ಊರಿಗೆ ಮರಳಿದಳು. ಮೂವರೂ ದೂರ ದೂರ ಕೂತು, ತಮ್ಮ ತಮ್ಮ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು, ರುಚಿಯೇ ಇಲ್ಲ ಎಂದು ಮುಖ ಹಿಂಡುತ್ತಿದ್ದರು. ಅಂದು ರಸ್ತೆಗೆ ಉಗುಳಿದವರೂ ನಿಧಾನವಾಗಿ ಜಗಲಿ ಹತ್ತಿದರು. ಅಜ್ಜಿ ಅವರ ಮುಂದೆಯೂ ಎಲೆಯ ಹರಿವಾಣ ಸರಿಸಿದಳು. ನಾನಾಗಿದ್ದರೆ ಸರಿಸುತ್ತಿರಲಿಲ್ಲ.

ನಿಮ್ಮ ಕಾಲ ಚೊಕ್ಕಟ. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ, ಟವೆಲು, ಕೋಣೆ. ಒಬ್ಬರ ಚಮಚ ಇನ್ನೊಬ್ಬರು ಮುಟ್ಟುವುದಿಲ್ಲ. ಒಳ್ಳೆಯದೇ, ಹಾಗೇ ಇರಿ. ಮೊನ್ನೆ ನನ್ನ ಹಲ್ಲಿನ ಸೆಟ್ಟು ಮುಳುಗಿಸಿಟ್ಟ ಗ್ಲಾಸು ನೋಡಿ ನೀವಿಬ್ಬರೂ ಛೀ ಎಂದು ಓಡಿದಿರಿ. ನನಗೇನೂ ಬೇಜಾರಿಲ್ಲ, ಬೆಳಿಗ್ಗೆ ಅದನ್ನು ನೋಡಿದರೆ ನನಗೇ ವಾಕರಿಕೆ ಬರುತ್ತದೆ. ಆದರೆ ನಾಳೆ ನನಗೆ ಜ್ವರ ಬಂದು, ಊಟ ಬೇಡ ಎಂದು ಗೋಡೆಗೆ ಮುಖ ಮಾಡಿದರೆ, ಆ ಗ್ಲಾಸನ್ನೂ ಸೆಟ್ಟನ್ನೂ ಚೆನ್ನಾಗಿ ತೊಳೆದು ನನ್ನ ಹತ್ತಿರ ತಂದಿಡಿ. ಮೂಗು ಮುಚ್ಚಿಕೊಂಡೇ ತನ್ನಿ, ಅಡ್ಡಿಲ್ಲ.