ಮುನೇಶನ ವಾಯ್ಸ್ ಮೆಸೇಜು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮೂರ ಮುನೇಶನ ಮುಖ ಗೊತ್ತಿಲ್ಲದವರಿಗೂ ಅವನ ದನಿ ಗೊತ್ತು. ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೆಲಸ. ದಿನಾ ಹರಾಜು ಮುಗಿಯುತ್ತಿದ್ದಂತೆ ರೇಷ್ಮೆಗೂಡಿನ ರೇಟನ್ನು ವಾಟ್ಸಾಪ್ ಗ್ರೂಪಿಗೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದ. ಆರು ವರ್ಷದಲ್ಲಿ ಒಂದು ದಿನವೂ ತಪ್ಪು ರೇಟು ಹೇಳಿದವನಲ್ಲ. ಗುಡ್ ಮಾರ್ನಿಂಗ್ ಹೂವುಗಳ ಹಾವಳಿ ತಾಳಲಾರದೆ, ಅಡ್ಮಿನ್ ಆದ ತಾನೊಬ್ಬನೇ ಮೆಸೇಜು ಹಾಕುವಂತೆ ಮಾಡಿಕೊಂಡಿದ್ದ. ಅದೇ ಅವನಿಗೆ ಮುಳುವಾಯಿತು.

ಪಂಚಾಯ್ತಿ ಎಲೆಕ್ಷನ್ನಿನಲ್ಲಿ ತೋಟದ ಮನೆ ರಮೇಶ್‌ಬಾಬು ನಾಲ್ಕು ಓಟಿನಿಂದ ಸೋತ. ಎಣಿಕೆಯ ನಡುವೆ ಕರೆಂಟು ಹೋಗಿತ್ತು. ಮತ್ತೆ ಎಣಿಸಿ ಎಂದರೆ ಅಧಿಕಾರಿಗಳು ಒಪ್ಪಲಿಲ್ಲ. ಊರೆಲ್ಲ ಕುದಿಯಿತು, ನಾನೂ ಕುದ್ದೆ. ಓಟು ಕೇಳುವಾಗ ಬಿಟ್ಟರೆ ಕಾಲೋನಿಯ ಕಡೆ ತಲೆ ಹಾಕದ ರಮೇಶ್‌ಬಾಬು ಅವತ್ತು ಮುನೇಶನ ಮನೆಗೆ ಬಂದು ಚಾಪೆಯ ಮೇಲೆ ಕೂತ. ನಾನೂ ಅಲ್ಲೇ ಇದ್ದೆ. ಮುನೇಶ ಮತ್ತು ನಾನು ಹತ್ತನೇ ಕ್ಲಾಸಿನವರೆಗೂ ಒಂದೇ ಬೆಂಚಿನವರು.

"ನಾನು ಕರೆದ್ರೆ ಪಾರ್ಟಿ ಅಂತಾರೆ. ನಿನ್ ವಾಯ್ಸ್ ಆದ್ರೆ ನಂಬ್ತಾರೆ ಕಣಪ್ಪ. ಏನೇ ಆದ್ರೂ ನಿನ್ ಹಿಂದೆ ನಾನಿರ್ತೀನಿ," ಅಂದ.

ಹೆಂಡತಿ ಯಶೋಧರಾ ಬೇಡ ಅಂದಳು. ಮುನೇಶ ಕೇಳಲಿಲ್ಲ. ಮರುದಿನ ರೇಟಿನ ಬೆನ್ನಿಗೇ, "ಹನ್ನೆರಡು ಗಂಟೆಗೆ ಎಲ್ರೂ ತಾಲ್ಲೂಕು ಆಫೀಸ್ ಹತ್ರ ಬನ್ನಿ, ಅನ್ಯಾಯ ಆಗೈತೆ" ಎಂದು ಹಾಕಿದ. ನಾನೂರು ಜನ ಬಂದರು. ಫೇಸ್‌ಬುಕ್‌ನಲ್ಲಿ ಲೈವ್ ಬೇರೆ. ಯಾರೋ ಕಲ್ಲು ತೂರಿದರು, ಕಿಟಕಿಯ ಗಾಜು ಒಡೆದು ಪೇದೆಯೊಬ್ಬರ ಹಣೆಗೆ ಹೊಡೆಯಿತು.

ವಾರದೊಳಗೆ ರಮೇಶ್‌ಬಾಬು ಗೆದ್ದವನ ಜೊತೆ ರಾಜಿಯಾದ. ಕೆರೆ ಏರಿ ರಸ್ತೆಯ ಕಂಟ್ರಾಕ್ಟು ಇವನಿಗಂತೆ. ನಾಚಿಕೆಗೆಟ್ಟ ಮನುಷ್ಯ. ಕಲ್ಲು ತೂರಿದ ಕೇಸಿಗೆ ಇನ್‌ಸ್ಪೆಕ್ಟರು ಅವನನ್ನೂ ಮುನೇಶನನ್ನೂ ಕರೆಸಿದರು; ಮುನೇಶನ ಜೊತೆ ಯಶೋಧರಾ, ನಾನು ಹೋದೆವು. ಸ್ಟೇಷನ್ನಿನಲ್ಲಿ ರಮೇಶ್‌ಬಾಬು ಮುನೇಶನ ಎದುರೇ ನಿಂತು, "ನಾನ್ಯಾರನ್ನೂ ಕರೆದಿಲ್ಲ ಸಾರ್. ನಂದೊಂದು ಮೆಸೇಜ್ ಇದ್ರೆ ತೋರಿಸ್ಲಿ" ಅಂದ. ಒಂದೂ ಇರಲಿಲ್ಲ. ನಾನೂರು ಫೋನಿನಲ್ಲೂ ಇದ್ದದ್ದು ಮುನೇಶನ ದನಿ ಮಾತ್ರ.

ಯಶೋಧರಾ ನನ್ನ ಕಡೆ ತಿರುಗಿದಳು. "ಅಣ್ಣ, ಅವತ್ತು ನೀವೂ ಇದ್ರಲ್ಲ. ಸಾರ್‌ಗೆ ಹೇಳಿ."

ನನ್ನ ಹಿಪ್ಪುನೇರಳೆ ತೋಟಕ್ಕೆ ನೀರು ಬರುವುದು ರಮೇಶ್‌ಬಾಬುವಿನ ಬೋರ್‌ವೆಲ್ಲಿನಿಂದ. ಅವನು ನನ್ನತ್ತ ನೋಡಲೂ ಇಲ್ಲ. ಅಷ್ಟು ಧೈರ್ಯ ಅವನಿಗೆ.

"ನಂಗೇನೂ ಗೊತ್ತಿಲ್ಲ ಸಾರ್," ಅಂದೆ.

ಮುನೇಶ ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಆವಯ್ಯ ಕೈ ಕೊಡ್ತಾನೆ ಅಂತ ಇವಳು ಹೇಳಿದ್ಲು ಕಣೋ," ಅಂದ ಮೆಲ್ಲಗೆ. "ನೀನಿದ್ದೀಯಲ್ಲ ಅಂತ ನಾನು ಒಪ್ಕೊಂಡೆ."

ಪೇದೆ ಬಂದು ಅವನನ್ನು ಒಳಗೆ ಕರೆದುಕೊಂಡು ಹೋದ.