ತವರುಮನಿ ಯಾವೂರು?

ಲ್ಯಾಪ್‌ಟಾಪಿನ ಕೀಬೋರ್ಡ್ ಕೈಕೊಟ್ಟಿತ್ತು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟು ಅಲ್ಲೇ ಕೂತೆ. ಗಂಡನ ಹೊಡೆತ ತಾಳಲಾರದೆ ಬರುವ ಹೆಂಗಸರ ಮಾತು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅವರ ಹೆಸರು, ಓಣಿ, ಹೇಳಿದ್ದು ಎಲ್ಲ ಅದರೊಳಗಿತ್ತು. ಪಾಸ್‌ವರ್ಡ್ ಇದೆಯಲ್ಲ ಅನ್ನುವ ಧೈರ್ಯ.

ಸುಮ್ಮನೆ ಗೋಡೆ ನೋಡಿದೆ. ಅಂಗಡಿ ಪೂಜೆಯ ಫೋಟೊದಲ್ಲಿ ರಿಪೇರಿಯವನ ಪಕ್ಕ ನಿಂತ ಅವನ ಹೆಂಡತಿ ಹೋದ ವಾರವಷ್ಟೇ ನನಗೆ ತೋಳಿನ ಬಾಸುಂಡೆ ತೋರಿಸಿದ್ದಳು. ತಟ್ಟನೆ ಎದ್ದು ಅವನ ಮೇಜಿನ ಹತ್ತಿರ ಹೋದೆ.

“ಪಾಸ್‌ವರ್ಡ್ ನಾನ ಹಾಕ್ತೀನ್ರಿ,” ಅಂದೆ.

“ಆಗ್ಲೇ ತಗದೀನ್ರಿ ಮೇಡಂ. ಊರ ದೇವ್ರು ಕೊಟ್ರೇಶನ ಹೆಸರು ಹೊಡದೆ, ಓಪನ್ ಆತು. ನಮ್ಮೂರಾಗ ಮುಕ್ಕಾಲು ಮಂದಿದು ಅದ ಐತಿ.”

ಪರದೆಯ ಮೇಲೆ ‘ಹೆಣ್ಣುಮಕ್ಕಳ ಹೇಳಿಕೆ’ ಅನ್ನುವ ಫೋಲ್ಡರ್ ಕಾಣುತ್ತಿತ್ತು. ಅವನು ಹಾಕಿದ ಹೊಸ ಕೀಬೋರ್ಡ್ ನೋಡುವ ನೆಪದಲ್ಲಿ ಲ್ಯಾಪ್‌ಟಾಪ್ ಎಳೆದುಕೊಂಡು ಪಾಸ್‌ವರ್ಡ್ ಬದಲಿಸಿ ಮುಚ್ಚಿದೆ. ಗಾಬರಿಯಲ್ಲಿ ಬೆರಳಿಗೆ ಬಂದದ್ದು ನನ್ನ ತವರಿನ ದೇವಿ ಉಚ್ಚಂಗೆಮ್ಮನ ಹೆಸರು.

“ಕೊಡ್ರಿ ಇಲ್ಲೆ, ಇನ್ನೂ ಒಂದು ಸ್ಕ್ರೂ ಬಿಗೀಬೇಕು,” ಅಂತ ಅವನು ಮತ್ತೆ ತಗೊಂಡ. ಸ್ಕ್ರೂ ಬಿಗಿದು, ಮುಚ್ಚಳ ತೆರೆದು ಕೊಟ್ರೇಶ ಅಂತ ಹೊಡೆದ. ಆಗಲಿಲ್ಲ. ನನ್ನನ್ನೇ ನೋಡಿ ನಕ್ಕ.

“ಮೇಡಂ, ನಿಮ್ಮ ತವರುಮನಿ ಯಾವೂರ್ರಿ?”

ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಯಾರು ಕೇಳಿದರೂ ಉಚ್ಚಂಗಿದುರ್ಗ ಅಂತ ಎದೆಯುಬ್ಬಿಸಿ ಹೇಳಿದವಳು ನಾನು.

“ಹಡಗಲಿ,” ಅಂದೆ.

ಅವನು ಆ ಊರಿಗೆ ಹೆಸರು ತಂದ ಹೂವು ‘ಮಲ್ಲಿಗೆ’ ಅಂತ ಹೊಡೆದ. ಉಚ್ಚಂಗೆಮ್ಮ ಬಾಗಿಲು ತೆಗೆಯಲಿಲ್ಲ.