ಹಮೀದನ ಪೀಸ್

ಇಂಗ್ಲಿಷಿನವರು ಶಾಂತಿಗೂ ಮೀನಿನ ತುಂಡಿಗೂ ಒಂದೇ ಸದ್ದು ಯಾಕೆ ಇಟ್ಟರೋ ನಾ ಕಾಣೆ. ಎಪ್ಪತ್ತರ ದಶಕದ ಕೊನೆಗೆ ಕುದ್ರೋಳಿಯ ನನ್ನ ಗೆಳೆಯ ಹಮೀದ್, ತನ್ನ ಭಾವ ದುಬೈಯಿಂದ ತಂದ ಟೇಪ್ ರೆಕಾರ್ಡರನ್ನು ಬೋಳಾರದ ನಮ್ಮ ಮನೆಗೆ ಹೊತ್ತು ತಂದು ಒಂದು ಇಂಗ್ಲಿಷ್ ಹಾಡು ಹಾಕಿದ. ಎಲ್ಲ ಬಣ್ಣದವರೂ ಎಲ್ಲ ದೇವರವರೂ ಒಂದಾಗಿ ಬಾಳುವ ಎನ್ನುವ ಹಾಡು. ಪಲ್ಲವಿ ತುಂಬ ‘ಪೀಸ್, ಪೀಸ್’. ಅಡುಗೆಮನೆಯಿಂದ ಅಮ್ಮ ತುಳುವಿನಲ್ಲಿ ಕೂಗಿದಳು, “ಎಂತ ಮಾರಾಯ, ಆವಾಗಿಂದ ಪೀಸ್ ಪೀಸ್ ಅಂತ ಬೊಬ್ಬೆ ಹಾಕ್ತಾ ಇದ್ದಾನೆ. ಯಾರಾದ್ರೂ ಒಂದು ಬಡಿಸಿ ಆ ಜನಕ್ಕೆ!” ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಬಂಗುಡೆ ಮೀನಿನ ಸಾರಿಗೆ ಕೂತಾಗೆಲ್ಲ ಹಮೀದ್ ಅದೇ ರಾಗದಲ್ಲಿ ಪೀಸ್ ಕೇಳುವುದು, ಅಮ್ಮ ದೊಡ್ಡದೇ ಹುಡುಕಿ ಹಾಕುವುದು.

ಆ ಹಾಡನ್ನು ಕಾಲೇಜ್ ಡೇಗೆ ಹಾಡಲು ಹೊರಟೆವು. ಗಿಟಾರಿಗೆ ಕೊಂಕಣಿಯ ಲಾರೆನ್ಸ್. ಕೊನೆಗೆ ಪಲ್ಲವಿಯನ್ನು ನಮ್ಮ ನಮ್ಮ ಭಾಷೆಯಲ್ಲೂ ಹಾಡುವ ಯೋಚನೆ ಯಾರಿಗೆ ಹೊಳೆಯಿತೋ, ಅವನ ಮನೆ ಹಾಳಾಗ! ಬಹುಶಃ ನನಗೇ. ಯಾವುದು ಮೊದಲು? ಊರಿನ ಭಾಷೆ ತುಳು ಅಂದೆ ನಾನು. ಗಿಟಾರ್ ನನ್ನದು, ಕೊಂಕಣಿ ಮೊದಲು ಅಂದ ಲಾರೆನ್ಸ್. ಕ್ಯಾಸೆಟ್ ನನ್ನದು, ನಮ್ಮ ಮನೆಮಾತು ಬ್ಯಾರಿಯೇ ಮೊದಲು ಅಂದ ಹಮೀದ್. ತುಳುವಿನಲ್ಲಿ ಶುರುವಾದ ಜಗಳ ಏರುತ್ತಾ ಕನ್ನಡಕ್ಕೆ ಬಂತು. ನಮಗೆ ಕನ್ನಡವೆಂದರೆ ಶಾಲೆಯದು, ಕಚೇರಿಯದು, ಭಾಷಣದ್ದು. ಮೂವರಲ್ಲಿ ಯಾರ ಮನೆಯದೂ ಅಲ್ಲ. “ನೀವು ನಿಮ್ಮಷ್ಟಕ್ಕೆ ಹಾಡಿಕೊಳ್ಳಿ” ಎಂದು ಹಮೀದ್ ನನಗೊಬ್ಬನಿಗೇ ಹೇಳಿ ಎದ್ದ. ತುಳುವಿನಲ್ಲಿ ಅದುವರೆಗೆ ನಾನು ಅವನಿಗೆ ಬರೀ ‘ಈ’, ಎಂದರೆ ನೀನು. ಲೋಕವನ್ನೆಲ್ಲ ಕೂಡಿಸಬೇಕಾದ ಹಾಡು ಮೂರು ಜನರನ್ನು ಕೂಡಿಸಲಾರದೆ ನಿಂತುಹೋಯಿತು. ಪರೀಕ್ಷೆ ಮುಗಿದದ್ದೇ ಹಮೀದ್ ದುಬೈಗೆ ಹೋದ.

ಕೆಲವು ವರ್ಷದ ಮೇಲೆ ಅವನು ರಜೆಯಲ್ಲಿ ಬಂದಿದ್ದಾನೆಂದು ತಿಳಿದು ಅಮ್ಮ ನನ್ನನ್ನು ಕುದ್ರೋಳಿಗೆ ಅಟ್ಟಿದಳು. “ಊಟಕ್ಕೆ ಕರ್ಕೊಂಡು ಬಾ. ಬಂಗುಡೆ ಉಂಟು.” ಹಮೀದ್ ಗೇಟಿನಲ್ಲೇ ಸಿಕ್ಕಿದ. ಇಬ್ಬರ ಮುಖವೂ ಅರಳಿತು. ಅಷ್ಟರಲ್ಲಿ ಅವನ ಬಾಯಿಂದಲೋ ನನ್ನ ಬಾಯಿಂದಲೋ “ಹೇಗಿದ್ದೀರಿ?” ಬಂದುಬಿಟ್ಟಿತು. ಆಮೇಲೆ ಎಲ್ಲ ಕನ್ನಡವೇ. “ಮನೆಯಲ್ಲಿ ಸೌಖ್ಯ ಉಂಟಲ್ಲ?” “ಉಂಟು, ಉಂಟು. ನಿಮ್ಮಲ್ಲಿ?” ಊಟಕ್ಕೆ ಬಾ ಮಾರಾಯ ಅಂತ ತುಳುವಿನಲ್ಲಿ ಕರೆಯುವುದು ಸುಲಭ. ‘ಭೋಜನಕ್ಕೆ ದಯಮಾಡಿಸಿ’ ಅಂತ ಹಮೀದನಿಗೆ ಹೇಗೆ ಹೇಳಲಿ? ಕರೆಯಲೇ ಇಲ್ಲ. ಇನ್ನೊಮ್ಮೆ ಸಿಗುವ ಎಂದು ಕೈಕುಲುಕಿದೆವು.

ಮನೆಯಲ್ಲಿ ಅಮ್ಮ ಎರಡು ಬಟ್ಟಲು ಇಟ್ಟು ಕಾಯುತ್ತಿದ್ದಳು. ನನ್ನ ಹಿಂದೆ ಬಾಗಿಲ ಕಡೆ ಒಮ್ಮೆ ನೋಡಿದಳು. ಮತ್ತೆ ಹಮೀದನ ಪೀಸನ್ನೂ ನನಗೇ ಹಾಕಿದಳು. ಯಾರಾದರೂ ಒಂದು ಬಡಿಸಿ ಎಂದು ಅಮ್ಮ ಅಂದೇ ಹೇಳಿದ್ದಳು. ನಾವು ನಕ್ಕಿದ್ದೆವು.